ಸರ್ವಾಧಿಕಾರಿಯ ಕೋಣೆ, ನಮ್ಮ ಅಂಗಳ

(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳು ಪುತ್ತೂರಿನಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಹೆಚ್ಚು ತಿದ್ದದೆ ಅಚ್ಚಿಗೆ ಕೊಟ್ಟಿದೆ.)



ಇವತ್ತು ನಾನು ಒಂದು ಸಿನಿಮಾದ ಬಗ್ಗೆ ಮಾತಾಡಬೇಕು. ಸಭೆ ಶುರುವಾಗುವ ಮೊದಲು ಒಬ್ಬ ಹಿರಿಯರು ಕೇಳಿದರು: "ಹಾಸ್ಟೆಲ್ಲಿನಲ್ಲಿ ಊಟ ಸರಿ ಇಲ್ಲ, ಸ್ಕಾಲರ್‌ಶಿಪ್ ಹೊತ್ತಿಗೆ ಬರುವುದಿಲ್ಲ, ಡಿ.ಸಿ. ಮನ್ನಾ ಜಾಗಕ್ಕೆ ಅರ್ಜಿ ಕೊಟ್ಟು ಕೊಟ್ಟು ಸಾಕಾಯ್ತು. ಇದರ ನಡುವೆ ನಿಮಗೆ ಸಿನಿಮಾ ಎಂತಕ್ಕೆ ಮಾರಾಯ್ರೆ?" ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ. ಆಳುವವರ ಬಗ್ಗೆ ನಮ್ಮ ಮನಸ್ಸಿನಲ್ಲಿ ಏನು ಕೂತಿದೆ ಅನ್ನುವುದರ ಮೇಲೆ, ನಾವು ನಮ್ಮ ಜಾಗವನ್ನು ಹಕ್ಕಿನಿಂದ ಕೇಳುತ್ತೇವೋ ಕೈಮುಗಿದು ಬೇಡುತ್ತೇವೋ ಅನ್ನುವುದು ನಿಂತಿದೆ. ಆ ಮನಸ್ಸನ್ನು ಈಗ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಸಿನಿಮಾ ಕಟ್ಟುತ್ತಿದೆ. ಆದ್ದರಿಂದ ಸಿನಿಮಾವೂ ನಮ್ಮ ಜಾಗದ ಪ್ರಶ್ನೆಯೇ.

2025ರ ಜನವರಿ 17ರಂದು 'ಎಮರ್ಜೆನ್ಸಿ' ಅನ್ನುವ ಹಿಂದಿ ಸಿನಿಮಾ ಬಂತು. ಕಂಗನಾ ರಣಾವತ್ ನಿರ್ದೇಶನ ಮಾಡಿ, ಇಂದಿರಾ ಗಾಂಧಿ ಪಾತ್ರವನ್ನೂ ತಾವೇ ಮಾಡಿದ್ದಾರೆ. ಅವರು 2024ರಲ್ಲಿ ಹಿಮಾಚಲದ ಮಂಡಿಯಿಂದ ಬಿಜೆಪಿಯ ಲೋಕಸಭಾ ಸದಸ್ಯೆಯಾದವರು. 2024ರ ಸೆಪ್ಟೆಂಬರಿನಲ್ಲೇ ಬರಬೇಕಿದ್ದ ಸಿನಿಮಾ ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟಿಗಾಗಿ ಕಾದು ಕೂತಿತು. ಸೆನ್ಸಾರಿನ ಕಾಲದ ಕತೆ ಹೇಳುವ ಸಿನಿಮಾಕ್ಕೇ ಸೆನ್ಸಾರಿನ ಕಾಟ! ಅದಿರಲಿ. ನಿಮ್ಮಲ್ಲಿ ಹಲವರು ಅದನ್ನು ಮೊಬೈಲಿನಲ್ಲಿ ನೋಡಿದ್ದೀರಿ. ನೋಡಿದವರಲ್ಲಿ ಕೆಲವರು "ಪಾಪ" ಅಂದರಂತೆ.

ಆ "ಪಾಪ" ಅನ್ನುವ ಮಾತೇ ನನ್ನ ಇವತ್ತಿನ ವಿಷಯ.

ಸಿನಿಮಾ ಏನು ತೋರಿಸುತ್ತದೆ? ಒಬ್ಬಳು ಹುಡುಗಿ. ದೊಡ್ಡ ಬಂಗಲೆ. ಕಾಯಿಲೆ ಬಿದ್ದ ತಾಯಿ. ಆ ತಾಯಿಯನ್ನು ಹಗುರವಾಗಿ ಕಾಣುವ ಸೋದರತ್ತೆ. ಹುಡುಗಿ ಬೆಳೆಯುತ್ತಾಳೆ, ಪ್ರಧಾನಿಯಾಗುತ್ತಾಳೆ. ಸುತ್ತ ಜನ ಇದ್ದರೂ ಒಂಟಿ. ಯಾರನ್ನೂ ನಂಬಲಾರಳು. ಮಗನೊಬ್ಬನಿಗೆ ಇಲ್ಲ ಅನ್ನಲಾರಳು. ಕನ್ನಡಿ ನೋಡಿದರೆ ತನ್ನ ಮುಖವೇ ತನಗೆ ಹೆದರಿಕೆ. ರಾಜಕೀಯವಾಗಿ ಇಂದಿರಾ ಗಾಂಧಿಯ ವಿರೋಧಿ ಪಕ್ಷದವರು ಮಾಡಿದ ಸಿನಿಮಾ ಇದು. ಆದರೂ ನೋಡಿದವರ ಬಾಯಲ್ಲಿ ಪಾಪ ಅನ್ನುವ ಮಾತು ಹೇಗೆ ಬಂತು? ಯಾಕೆಂದರೆ ಕ್ಯಾಮೆರಾ ಯಾರ ಕೋಣೆಯೊಳಗೆ ಹೊಕ್ಕು ಕೂರುತ್ತದೋ ಅವರ ದುಃಖ ನಮ್ಮ ದುಃಖವಾಗುತ್ತದೆ. ಇದು ಸಿನಿಮಾದ ಶಕ್ತಿ. ಇದೇ ಸಿನಿಮಾದ ಮೋಸ ಕೂಡ.

ಪಾಪ ಅನ್ನುವುದು ಕೆಟ್ಟ ಮಾತಲ್ಲ. ಪಾಪ ಅನ್ನಲು ಬಾರದವನು ಹೋರಾಟಕ್ಕೂ ಲಾಯಕ್ಕಲ್ಲ. ಆದರೆ ನಮ್ಮ ಹತ್ತಿರ ಇರುವ ಕರುಣೆಯನ್ನು ಯಾರು, ಯಾರಿಗೋಸ್ಕರ ವಸೂಲು ಮಾಡಿಕೊಂಡು ಹೋಗುತ್ತಿದ್ದಾರೆ ಅನ್ನುವ ಲೆಕ್ಕ ನಮ್ಮಲ್ಲಿ ಇರಬೇಕು. ಗೇಣಿ ಅಳೆದು ಕೊಟ್ಟು ಕೊಟ್ಟು ಖಾಲಿಯಾದ ಕಣಜದ ಹಾಗೆ ನಮ್ಮ ಕರುಣೆಯೂ ದೊಡ್ಡ ಮನೆಗೇ ಸಂದು ಹೋಗಬಾರದು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂದಿರಾ ಗಾಂಧಿಯನ್ನು ಹಿಟ್ಲರನ ಜತೆ ಒಂದೇ ತಕ್ಕಡಿಯಲ್ಲಿ ಇಡುವುದು ತೂಕ ತಪ್ಪಿದ ಮಾತು. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ, 21 ತಿಂಗಳು ಈ ದೇಶದಲ್ಲಿ ಸರ್ವಾಧಿಕಾರ ನಡೆಯಿತು. ಆಮೇಲೆ ಅವರೇ ಚುನಾವಣೆ ಕರೆದರು, ಸೋತರು, ಇಳಿದರು. ಹಿಟ್ಲರ್ ಹಾಗೆ ಇಳಿದವನಲ್ಲ. ಆದರೂ ಇಬ್ಬರ ಬಗ್ಗೆಯೂ ಬಂದ ಸಿನಿಮಾಗಳು ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತವೆ. ಆ ಬಾಗಿಲು ಖಾಸಗಿ ಬದುಕಿನದು. ಆದ್ದರಿಂದ ಹೋಲಿಸಿ ನೋಡೋಣ.

2004ರಲ್ಲಿ ಜರ್ಮನಿಯಲ್ಲಿ 'ಡೌನ್‌ಫಾಲ್' ಅನ್ನುವ ಸಿನಿಮಾ ಬಂತು. 1945ರ ಏಪ್ರಿಲ್, ಬರ್ಲಿನ್ ನಗರ, ನೆಲದಡಿಯ ಬಂಕರು. ಬ್ರೂನೋ ಗಾಂಜ್ ಅನ್ನುವ ನಟ ಹಿಟ್ಲರ್ ಆಗಿದ್ದಾನೆ. ಕೈ ನಡುಗುವ ಮುದುಕ. ಟೈಪಿಸ್ಟ್ ಹುಡುಗಿಯ ಜತೆ ಮೆದುವಾಗಿ ಮಾತಾಡುತ್ತಾನೆ. ಅಡುಗೆಯವಳ ಊಟ ಹೊಗಳುತ್ತಾನೆ. ಸಾಕಿದ ನಾಯಿಯ ಮೇಲೆ ಪ್ರೀತಿ. ಅದೇ ನಾಯಿಗೆ ವಿಷ ಕೊಡಿಸಿ, ವಿಷ ಕೆಲಸ ಮಾಡುತ್ತದೋ ಅಂತ ನೋಡುತ್ತಾನೆ. ಸಿನಿಮಾ ಬಂದಾಗ ಅನೇಕರು ಕೂಗಿದರು, ರಾಕ್ಷಸನನ್ನು ಮನುಷ್ಯನನ್ನಾಗಿ ಮಾಡಿದಿರಿ ಅಂತ.

ನಾನು ಆ ಕೂಗಿನ ಜತೆ ಇಲ್ಲ. ಅವನು ಮನುಷ್ಯನೇ. ರಾಕ್ಷಸ ಅಂದುಬಿಟ್ಟರೆ ಎಲ್ಲರಿಗೂ ಸುಲಭ. ರಾಕ್ಷಸ ಎಲ್ಲಿಂದಲೋ ಬಂದ, ಎಲ್ಲೋ ಸತ್ತ, ನಮಗೂ ಅವನಿಗೂ ಸಂಬಂಧ ಇಲ್ಲ ಅಂತ ಕೈತೊಳೆದುಕೊಳ್ಳಬಹುದು. ನಮಗೆ ಈ ಪಾಠ ಯಾರೂ ಕಲಿಸಬೇಕಾಗಿಲ್ಲ. ಗೆರಟೆಯಲ್ಲಿ ನೀರು ಹೊಯ್ದ ಕೈಯೇ ತನ್ನ ಮನೆಯ ಮಗುವಿಗೆ ತುತ್ತು ಕೊಟ್ಟದ್ದನ್ನು ನಮ್ಮ ಅಜ್ಜ ಅಜ್ಜಿ ಅಂಗಳದ ಆಚೆ ನಿಂತು ನೋಡಿದ್ದಾರೆ. ದಣಿಗಳು ದನಕ್ಕೆ ಹುಲ್ಲು ಹಾಕಿ ಮೈ ಸವರುವುದನ್ನೂ ನೋಡಿದ್ದಾರೆ. ಮನುಷ್ಯರೇ, ಪ್ರೀತಿ ಇದ್ದವರೇ. ಆ ಪ್ರೀತಿ ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದೇ ಪ್ರಶ್ನೆ.

'ಡೌನ್‌ಫಾಲ್' ಸಿನಿಮಾದಲ್ಲಿ ನಾವು ನೋಡಬೇಕಾದ್ದು ಹಿಟ್ಲರನನ್ನಲ್ಲ, ಆ ಟೈಪಿಸ್ಟ್ ಹುಡುಗಿಯನ್ನು. ಅವಳ ಹೆಸರು ಟ್ರಾಡಲ್ ಯುಂಗೆ. ಕೆಲಸಕ್ಕೆ ಸೇರುವಾಗ ಅವಳಿಗೆ 22 ವರ್ಷ, ಇಲ್ಲಿ ಕೂತ ನಿಮ್ಮ ಪ್ರಾಯ. ಯಾರನ್ನೂ ಹೊಡೆದವಳಲ್ಲ, ಕೊಂದವಳಲ್ಲ. ಹೇಳಿದ್ದನ್ನು ಟೈಪು ಮಾಡಿದಳು. ಸಿನಿಮಾದ ಕೊನೆಯಲ್ಲಿ ಆ ಹೆಂಗಸೇ ನಿಜವಾಗಿ, ಮುದುಕಿಯಾಗಿ, ಬಂದು ಮಾತಾಡುತ್ತಾಳೆ. ಸೋಫೀ ಶೋಲ್ ಅನ್ನುವ ವಿದ್ಯಾರ್ಥಿನಿ ಹಿಟ್ಲರನ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1943ರ ಫೆಬ್ರವರಿಯಲ್ಲಿ ತಲೆ ಕಳೆದುಕೊಂಡಳು. ಅವಳಿಗೆ 21 ವರ್ಷ. ಅವಳ ನೆನಪಿನ ಫಲಕವನ್ನು ಎಷ್ಟೋ ವರ್ಷದ ಮೇಲೆ ನೋಡಿದಾಗ ಈ ಟೈಪಿಸ್ಟಿಗೆ ತಿಳಿಯಿತು: ನನ್ನದೂ ಅವಳದೂ ಹೆಚ್ಚುಕಡಿಮೆ ಒಂದೇ ಪ್ರಾಯ, ಚಿಕ್ಕವಳಿದ್ದೆ, ಗೊತ್ತಿರಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಸರ್ವಾಧಿಕಾರಿಯ ಮನಶ್ಶಾಸ್ತ್ರ ಅಂದರೆ ಇದು. ಅದು ಅವನ ತಲೆಯೊಳಗೆ ಮಾತ್ರ ಇಲ್ಲ. ಅವನ ಸುತ್ತ ನಿಂತು "ಆಯ್ತು" ಅನ್ನುವ ಸಾವಿರ ಬಾಯಿಗಳಲ್ಲಿ ಉಂಟು.

ಇನ್ನೊಂದು ಹಳೆಯ ಸಿನಿಮಾ ಉಂಟು, ಚಾರ್ಲಿ ಚಾಪ್ಲಿನ್‌ನ 'ದಿ ಗ್ರೇಟ್ ಡಿಕ್ಟೇಟರ್', 1940ರದು. ಅದೂ ಸರ್ವಾಧಿಕಾರಿಯ ಕೋಣೆಗೆ ಹೋಗುತ್ತದೆ. ಒಬ್ಬನೇ ಇರುವಾಗ ಅವನು ಏನು ಮಾಡುತ್ತಾನೆ? ಭೂಗೋಳದ ಬಲೂನು ಹಿಡಿದು ಕುಣಿಯುತ್ತಾನೆ. ಅದು ಠುಸ್ ಎಂದು ಒಡೆಯುತ್ತದೆ. ನೋಡಿದವರಿಗೆ ಪಾಪ ಅನ್ನಿಸುವುದಿಲ್ಲ, ನಗು ಬರುತ್ತದೆ. ಯಾಕೆಂದರೆ ಆ ಕೋಣೆಯಿಂದ ಹೊರಗೆ ಬಂದ ಕ್ಯಾಮೆರಾ ಕ್ಷೌರದ ಅಂಗಡಿಗೆ ಹೋಗುತ್ತದೆ. ಅಲ್ಲಿರುವ ಕ್ಷೌರಿಕ ಯಹೂದಿ. ಒಂದೇ ಮುಖ, ಒಂದೇ ಮೀಸೆ. ಒಬ್ಬ ಆಳುವವನು, ಒಬ್ಬ ಪೆಟ್ಟು ತಿನ್ನುವವನು. ಎರಡೂ ಮನೆ ತೋರಿಸಿದ ಸಿನಿಮಾ ಅದು. ಹಾಗಿದ್ದೂ ಚಾಪ್ಲಿನ್ ಆಮೇಲೆ, ಯಾತನಾಶಿಬಿರಗಳ ನಿಜ ಆಗಲೇ ಗೊತ್ತಿದ್ದರೆ ಈ ನಗುವಿನ ಸಿನಿಮಾ ನನ್ನಿಂದ ಆಗುತ್ತಿರಲಿಲ್ಲ ಅಂತ ಹೇಳಿಕೊಂಡ. ನಗುವುದಕ್ಕೂ ಎಷ್ಟು ಜವಾಬ್ದಾರಿ ಬೇಕು ನೋಡಿ.

ದೂರದ ದೇಶದ ಉದಾಹರಣೆ ಸಾಕು. ನಮ್ಮ ನೆಲದಲ್ಲಿ ಅಧಿಕಾರದ ಕತೆ ಹೇಳುವ ಕ್ರಮ ಯಾವುದು? ಕಲ್ಕುಡನ ಪಾಡ್ದನ ನೆನಪು ಮಾಡಿಕೊಳ್ಳಿ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ. ಇಂಥದ್ದು ಇನ್ನೊಂದು ಬೇರೆಲ್ಲೂ ಏಳಬಾರದು ಅಂತ ಅರಸು ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಅವನು ಉಳಿದ ಕೈಯಲ್ಲೇ ವೇಣೂರಿನಲ್ಲಿ ಮತ್ತೊಂದು ಗೊಮ್ಮಟನನ್ನು ಕಡೆಯುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನಿಗಾದ ಅನ್ಯಾಯಕ್ಕೆ ಬೆಂಕಿಯಾಗುತ್ತಾಳೆ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ ಅಂತ ಶಾಸನ ಲೆಕ್ಕ ಹೇಳುತ್ತದೆ. ಪಾಡ್ದನಕ್ಕೆ ಇಸವಿಯ ಹಂಗಿಲ್ಲ. ಕಡಿದ ಕೈಯ ಹಂಗು ಉಂಟು.

ಒಂದು ವಿಷಯ ಗಮನಿಸಿ. ಆ ಪಾಡ್ದನ ಅರಸನ ಮಲಗುವ ಕೋಣೆಗೆ ಹೋಗಿ, ಪಾಪ ಅರಸನಿಗೆ ಸಣ್ಣ ಪ್ರಾಯದಲ್ಲಿ ತಾಯಿಯ ಪ್ರೀತಿ ಸಿಕ್ಕಿತ್ತೋ ಇಲ್ಲವೋ ಅಂತ ವಿಚಾರಿಸುವುದಿಲ್ಲ. ಅದು ಕಡಿದ ಕೈಯ ಹತ್ತಿರ ನಿಲ್ಲುತ್ತದೆ. ಆ ಕತೆ ಹೇಳಿ, ಆ ದೈವವನ್ನು ಮೈಮೇಲೆ ತಂದುಕೊಂಡು ಊರಿನ ದೊಡ್ಡವರೆದುರು ನುಡಿ ಕೊಡುವವರು ಯಾರು? ನಲಿಕೆಯವರು, ಪಂಬದರು, ನಮ್ಮವರು. ಕೋಲದ ರಾತ್ರಿ ಅವರೆದುರು ಕೈಮುಗಿದವರು ಬೆಳಗಾದ ಮೇಲೆ ಅವರನ್ನು ಅಂಗಳದ ಆಚೆಗೆ ನಿಲ್ಲಿಸಿದ್ದು ಬೇರೆ ವಿಷಯ. ಅದರ ಬಗ್ಗೆ ಇನ್ನೊಂದು ದಿನ ಜಗಳ ಮಾಡೋಣ. ಆದರೆ ಕ್ಯಾಮೆರಾ ಎಲ್ಲಿ ಇಡಬೇಕು ಅನ್ನುವುದು ನಮ್ಮ ಹಿರಿಯರಿಗೆ ಸಿನಿಮಾ ಹುಟ್ಟುವ ಮೊದಲೇ ಗೊತ್ತಿತ್ತು.

ಈಗ ಕ್ಯಾಮೆರಾವನ್ನು ಕಡಿದ ಕೈಯ ಹತ್ತಿರ ಇಟ್ಟು, 1975ಕ್ಕೆ ವಾಪಸು ಹೋಗೋಣ. ದೆಹಲಿ ಬೇಡ, ಬೆಂಗಳೂರು ಸಾಕು. ಈಗ ಫ್ರೀಡಂ ಪಾರ್ಕ್ ಅಂತ ಕರೆಯುವ ಜಾಗದಲ್ಲಿ ಆಗ ಸೆಂಟ್ರಲ್ ಜೈಲಿತ್ತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಂಥವರನ್ನು ಅಲ್ಲಿ ಕೂಡಿಹಾಕಿದ್ದರು. ಅವರ ಕತೆ ಎಲ್ಲರಿಗೂ ಗೊತ್ತು, ಅವರು ದೊಡ್ಡ ಕುರ್ಚಿಗೆ ಹೋದರು. ಅದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. 1970ರ 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯಾದವರು. ಅಗ್ರಹಾರದ ಪಂಡಿತರೆಲ್ಲ ಶಾಸ್ತ್ರದ ಪುಟ ಮಗುಚುತ್ತಾ ಕೂತಾಗ, ಹೆಣ ಕೊಳೆಯಬಾರದು ಅನ್ನುವ ಮನುಷ್ಯಬುದ್ಧಿ ಇದ್ದದ್ದು ಕೀಳುಜಾತಿಯವಳು ಅನ್ನಿಸಿಕೊಂಡ ಆ ಚಂದ್ರಿಗೆ. ಆ ಪಾತ್ರ ಮಾಡಿದ ಹೆಣ್ಣನ್ನು 1976ರ ಮೇ ತಿಂಗಳಲ್ಲಿ ಹಿಡಿದರು. ವಿಚಾರಣೆ ಇಲ್ಲ. ಅವರಿಗೆ ಆಸ್ತಮಾ. ಎಂಟು ತಿಂಗಳು ಆ ಜೈಲಿನಲ್ಲಿ ಉಸಿರು ಎಳೆದುಕೊಂಡು ಬದುಕಿದರು, ಡೈರಿ ಬರೆದರು, ಜತೆಗಿದ್ದ ಬಡ ಹೆಂಗಸರಿಗೆ ಆಗುತ್ತಿದ್ದ ಹಿಂಸೆಯ ವಿರುದ್ಧ ದನಿ ಎತ್ತಿದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಐದು ದಿನ!

ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು. ಅವರು ಸಿಗಲಿಲ್ಲ ಅಂತ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಬೆಂಗಳೂರಿನಲ್ಲಿ ಹಿಡಿದು, ನಡೆಯಲಿಕ್ಕೂ ಆಗದ ಹಾಗೆ ಪೊಲೀಸರು ಹೊಡೆದರು. ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆ ಇಲ್ಲದೆ ಒಳಗಿದ್ದರು. 1976-77ರ ಒಂದೇ ವರ್ಷದಲ್ಲಿ 81 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಮೇಷ್ಟ್ರಿಗೆ ಇಷ್ಟು ತಲೆ, ಕಾರಕೂನನಿಗೆ ಇಷ್ಟು ತಲೆ ಅಂತ ಕೋಟಾ. ಕೋಟಾ ಮುಗಿಸಲು ಯಾರನ್ನು ಹಿಡಿದು ತಂದಾರು? ವಕೀಲರನ್ನೋ, ಜಮೀನುದಾರರನ್ನೋ? ಹೇಳಬೇಕಾಗಿಲ್ಲ.

ಈ ಹಿಂಸೆಯನ್ನು ಸಿನಿಮಾ ಮುಚ್ಚಿಟ್ಟಿದೆ ಅಂತ ನಾನು ಹೇಳುವುದಿಲ್ಲ. ತೋರಿಸುತ್ತದೆ. ಆದರೆ ಅದೆಲ್ಲ ಒಬ್ಬ ತಾಯಿ ಒಬ್ಬ ಹಟಮಾರಿ ಮಗನನ್ನು ತಡೆಯಲಾರದೆ ಹೋದದ್ದರಿಂದ ಆಯಿತು ಅನ್ನುವ ಹಾಗೆ ಕಾಣುತ್ತದೆ. ಮನೆಯ ಜಗಳ ದೇಶದ ದುರಂತವಾಯಿತು ಅಂತ. ಹಾಗಾದರೆ ಬೀಗ ಹಾಕಿದ ಜೈಲರ್ ಯಾರು? ಕೋಟಾ ಬರೆದ ಅಧಿಕಾರಿ ಯಾರು? ಸಹಿ ಹಾಕಿದ ಮಂತ್ರಿ ಯಾರು? ಅವರ ಬಾಲ್ಯವನ್ನೂ ತೋರಿಸಬೇಕಾದೀತು!

ಆ ಕಾಲದಲ್ಲೇ ಒಂದು ಸಿನಿಮಾ ಆಗಿತ್ತು. ಅಮೃತ್ ನಹಾಟಾ ಮಾಡಿದ 'ಕಿಸ್ಸಾ ಕುರ್ಸಿ ಕಾ'. ಕುರ್ಚಿಯ ಕತೆ. ಅದರ ಪ್ರತಿಗಳನ್ನೆಲ್ಲ ವಶಪಡಿಸಿಕೊಂಡು ಗುಡಗಾಂವಿನ ಮಾರುತಿ ಕಾರ್ಖಾನೆಯಲ್ಲಿ ಸುಟ್ಟರು. 1978ರಲ್ಲಿ ಅದನ್ನು ಮತ್ತೆ ಹೊಸತಾಗಿ ತೆಗೆಯಬೇಕಾಯಿತು. ಕೋಣೆಯ ಒಳಗಿನ ದುಃಖ ತೋರಿಸಿದರೆ ಅಧಿಕಾರಕ್ಕೆ ಅಷ್ಟು ತೊಂದರೆ ಇಲ್ಲ. ಕುರ್ಚಿಯನ್ನು ತೋರಿಸಿದರೆ ಬೆಂಕಿ.

ಈಗ ಕಷ್ಟದ ಜಾಗಕ್ಕೆ ಬಂದೆ. ತಪ್ಪಿಸಿಕೊಂಡು ಹೋಗಬಾರದು. ನಮ್ಮ ಎಷ್ಟೋ ಕಾಲನಿಗಳಲ್ಲಿ, ಅಜ್ಜಿಯಂದಿರ ಮನೆಗೋಡೆಯ ಮೇಲೆ, ದೇವರ ಪಟದ ಪಕ್ಕ ಇಂದಿರಮ್ಮನ ಪಟ ಇತ್ತು. ಕೆಲವು ಕಡೆ ಈಗಲೂ ಉಂಟು. "ಬಡವರಿಗೆ ಭೂಮಿ ಕೊಟ್ಟದ್ದು ಇಂದಿರಮ್ಮ, ಜೀತ ಬಿಡಿಸಿದ್ದು ಇಂದಿರಮ್ಮ. ಜೈಲಿಗೆ ಹೋದವರು ದೊಡ್ಡವರು. ನಮಗೆ ಎಮರ್ಜೆನ್ಸಿ ಒಳ್ಳೆಯದೇ ಆಯಿತು" ಅಂತ ಹೇಳುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರನ್ನು ಗದರಿಸಬೇಡಿ. ಅವರ ಅನುಭವ ಸುಳ್ಳಲ್ಲ. ಶತಮಾನಗಳ ಮೇಲೆ ಮೊದಲ ಸಲ ಸರ್ಕಾರ ಅನ್ನುವುದು ದಣಿಯ ಕಡೆಗಲ್ಲದೆ ತಮ್ಮ ಕಡೆಗೆ ಮುಖ ಮಾಡಿದ ಹಾಗೆ ಅವರಿಗೆ ಕಂಡಿತು. 1978ರ ನವೆಂಬರಿನಲ್ಲಿ, ಘಟ್ಟದ ಮೇಲಿನ ಚಿಕ್ಕಮಗಳೂರು ಸೀಮೆಯಲ್ಲಿ, ಸೋತಿದ್ದ ಇಂದಿರಾ ಗಾಂಧಿಯನ್ನು 70 ಸಾವಿರಕ್ಕೂ ಹೆಚ್ಚು ಮತದಿಂದ ಗೆಲ್ಲಿಸಿ ಕಳಿಸಿದ ಜನರಲ್ಲಿ ತೋಟದ ಕೂಲಿಗಳೂ ಇದ್ದರು.

ಆದರೆ ನಾವು ಓದಿದವರು. ಲೆಕ್ಕವನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಭೂಮಿ. ಉಳುವವನೇ ಹೊಲದೊಡೆಯ ಅನ್ನುವ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸು ಕಾಲದಲ್ಲಿ. ತುರ್ತು ಪರಿಸ್ಥಿತಿ ಬಂದದ್ದು ಅದಾಗಿ 15 ತಿಂಗಳ ಮೇಲೆ. ವಿಧಾನಸಭೆಯಲ್ಲಿ ವಾದ ಆಗಿ, ಬೀದಿಯಲ್ಲಿ ರೈತ ಕೂಲಿ ಸಂಘಗಳ ಕೂಗು ಎದ್ದು, ಆದ ಕಾನೂನು ಅದು. ಸರ್ವಾಧಿಕಾರದ ಹೊಟ್ಟೆಯಲ್ಲಿ ಹುಟ್ಟಿದ ಕೂಸಲ್ಲ. ಮತ್ತೆ, ಆ ಭೂಮಿ ಯಾರಿಗೆ ಬಂತು? ನಮ್ಮ ಜಿಲ್ಲೆಯಲ್ಲಿ ಗೇಣಿ ಮಾಡುತ್ತಿದ್ದ ಒಕ್ಕಲುಗಳಿಗೆ ಬಂತು. ಒಳ್ಳೆಯದೇ ಆಯಿತು. ಆದರೆ ನಮ್ಮವರಲ್ಲಿ ಹೆಚ್ಚಿನವರು ಒಕ್ಕಲುಗಳೇ ಆಗಿರಲಿಲ್ಲ. ಮೂಲದಾಳುಗಳು, ಕೂಲಿಗಳು. ಒಕ್ಕಲಿನ ಹತ್ತಿರ ಗೇಣಿ ಚೀಟಿ ಇತ್ತು. ಆ ಒಕ್ಕಲಿನ ಗದ್ದೆಯಲ್ಲಿ ಕೆಸರು ತುಳಿದವನ ಹತ್ತಿರ ಯಾವ ಚೀಟಿ ಇತ್ತು?

ಎರಡನೆಯದು ಜೀತ. ಜೀತ ರದ್ದು ಮಾಡುವ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಬಂತು, 1976ರಲ್ಲಿ ಕಾನೂನಾಯಿತು. ನಿಜ. ಆದರೆ ಬಿಟ್ಟಿ, ಬಲವಂತದ ದುಡಿಮೆ ಅಪರಾಧ ಅಂತ ಬಾಬಾಸಾಹೇಬರು ಮುಂದೆ ನಿಂತು ರೂಪಿಸಿದ ಸಂವಿಧಾನದ 23ನೇ ವಿಧಿ 1950ರಲ್ಲೇ ಹೇಳಿತ್ತು. 25 ವರ್ಷ ಕೊಡದೆ ಇಟ್ಟುಕೊಂಡದ್ದನ್ನು ಕೊಟ್ಟವರು ದಾನಿಗಳೋ, ಸಾಲ ತಡವಾಗಿ ತೀರಿಸಿದವರೋ?

ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಅದೇ ಸರ್ಕಾರ 1976ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಏನು ವಾದ ಮಾಡಿತು ಗೊತ್ತೋ? ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು: ಒಬ್ಬ ಪೊಲೀಸಿನವನು ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೆ? ಈಗಿನ ಸ್ಥಿತಿಯಲ್ಲಿ ಅದಕ್ಕೂ ಕೋರ್ಟಿನಲ್ಲಿ ಪರಿಹಾರ ಇಲ್ಲ ಅಂತ ಸರ್ಕಾರದ ಅಟಾರ್ನಿ ಜನರಲ್ ಒಪ್ಪಿಕೊಂಡರು. ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಆಗುವುದಿಲ್ಲ ಅಂದರು. ಮುಂದೆ ಅವರಿಗೆ ಬರಬೇಕಾದ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು.

ಗೆಳೆಯರೇ, ಕೊಂದರೂ ಕೇಳುವವರಿಲ್ಲ ಅನ್ನುವುದು ದೆಹಲಿಯ ದೊಡ್ಡವರಿಗೆ 21 ತಿಂಗಳು ಹೊಸ ಸುದ್ದಿ. ನಮ್ಮ ಕೇರಿಗಳಿಗೆ ಅದು ಎಷ್ಟೋ ನೂರು ವರ್ಷದ ಹಳೆಯ ಕಾನೂನು. ಅದಕ್ಕೇ ನಾವು, ಉಳಿದವರಿಗಿಂತ ಹೆಚ್ಚಾಗಿ ನಾವು, ಅದಕ್ಕೆ ಹೆದರಬೇಕು. ದುಡ್ಡಿದ್ದವನಿಗೆ ಸಂವಿಧಾನ ಹೋದರೂ ದುಡ್ಡು ಉಳಿಯುತ್ತದೆ. ಜಾತಿ ಇದ್ದವನಿಗೆ ಸಂವಿಧಾನ ಹೋದರೂ ಜಾತಿ ಉಳಿಯುತ್ತದೆ. ನಮಗೆ ಅದೊಂದು ಹೋದರೆ ಎಂತ ಉಳಿಯುತ್ತದೆ? ಒಬ್ಬರ ಕೃಪೆಯಿಂದ ಬಂದದ್ದು ಇನ್ನೊಬ್ಬರ ಸಹಿಯಿಂದ ಹೋಗುತ್ತದೆ. ಭೂಸುಧಾರಣೆಯ ಬೆನ್ನುಮೂಳೆ ಮುರಿಯುವ ತಿದ್ದುಪಡಿ 2020ರಲ್ಲಿ ಬಂತು, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತ. ಮೊದಲು ಬಂದದ್ದು ಸುಗ್ರೀವಾಜ್ಞೆಯಾಗಿ, ಕೊರೊನಾ ಹೆದರಿಕೆಯಲ್ಲಿ ಜನ ಗುಂಪು ಸೇರಲಾಗದ ಕಾಲದಲ್ಲಿ. ಹಕ್ಕು ಅಂತ ಕಾದವರಿಗೆ ಮಾತ್ರ ಜಾಗ ಉಳಿಯುತ್ತದೆ.

ಸಿನಿಮಾದಲ್ಲಿ ಬೆಲ್ಚಿಯ ಪ್ರಸಂಗವೂ ಉಂಟು. ಬಿಹಾರದ ಬೆಲ್ಚಿಯಲ್ಲಿ 1977ರ ಮೇ 27ರಂದು 11 ಜನರನ್ನು ಕೊಂದು ಸುಟ್ಟರು. ಅದರಲ್ಲಿ 8 ಜನ ದಲಿತರು. ಆಗಸ್ಟಿನಲ್ಲಿ, ಮಳೆಯಲ್ಲಿ, ಇಂದಿರಾ ಗಾಂಧಿ ಆನೆಯ ಮೇಲೆ ಕೂತು ಅಲ್ಲಿಗೆ ಹೋದರು. ಬೇರೆ ನಾಯಕರು ಹೋಗದಿದ್ದಾಗ ಹೋದರು, ಅದನ್ನು ಒಪ್ಪೋಣ. ಆದರೆ ಚರಿತ್ರೆಯಲ್ಲಿ ಉಳಿದ ಚಿತ್ರ ಯಾವುದು? ಆನೆ! ಆನೆಯ ಹೆಸರು ಕೂಡ ಪುಸ್ತಕದಲ್ಲಿ ಸಿಗುತ್ತದೆ. ಆ 11 ಜನರ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತುಂಟೋ? ನಾಯಕಿ ಮತ್ತೆ ಕುರ್ಚಿಗೆ ಬರುವ ದಾರಿಯಲ್ಲಿ ನಮ್ಮ ಹೆಣಗಳು ಒಂದು ಸ್ಟೇಷನ್ ಆದವು.

ನಮ್ಮವರ ಪಾತ್ರವನ್ನೂ ಮುಚ್ಚಿಡಬಾರದು. ಸಿನಿಮಾದಲ್ಲಿ ಸತೀಶ್ ಕೌಶಿಕ್ ಮಾಡಿದ ಜಗಜೀವನ್ ರಾಮ್ ಪಾತ್ರ ಬರುತ್ತದೆ. ಬಾಬೂಜಿ, ದಲಿತರ ದೊಡ್ಡ ನಾಯಕ. ತುರ್ತು ಪರಿಸ್ಥಿತಿಗೆ ಒಪ್ಪಿಗೆ ಕೊಡಿ ಅಂತ 1975ರ ಜುಲೈಯಲ್ಲಿ ಲೋಕಸಭೆಯಲ್ಲಿ ನಿರ್ಣಯ ಮಂಡಿಸಿದವರು ಅವರೇ. 1977ರ ಫೆಬ್ರವರಿಯಲ್ಲಿ ಹೊರಗೆ ಬಂದು ಆ ಸರ್ಕಾರ ಬೀಳಲು ದೊಡ್ಡ ಕಾರಣವಾದವರೂ ಅವರೇ. ಆ ಎರಡು ದಿನಗಳ ನಡುವೆ, ಆ ಮನುಷ್ಯನ ರಾತ್ರಿಗಳು ಹೇಗಿದ್ದವು? ಯಾವ ಲೆಕ್ಕ, ಯಾವ ಹೆದರಿಕೆ, ಯಾವ ನಾಚಿಕೆ? ಅಂಥ ಕೋಣೆಗೆ ಹೋಗುವ ಸಿನಿಮಾ ಬೇಕು ನಮಗೆ. ದೊಡ್ಡ ಕುರ್ಚಿಯ ಪಕ್ಕದ ಸಣ್ಣ ಕುರ್ಚಿಯಲ್ಲಿ ಕೂತ ನಮ್ಮವನ ಮನಸ್ಸಿನ ಸಿನಿಮಾ. ನಾಳೆ ನಿಮ್ಮಲ್ಲೇ ಯಾರಾದರೂ ಆ ಸಣ್ಣ ಕುರ್ಚಿಯಲ್ಲಿ ಕೂರುವವರು. ಸುಳ್ಯ ಮೀಸಲು ಕ್ಷೇತ್ರ, ನೆನಪಿರಲಿ.

1975ನೇ ಇಸವಿಯದ್ದೇ ಇನ್ನೊಂದು ಸಿನಿಮಾ 'ಚೋಮನ ದುಡಿ'. ಬಿ.ವಿ. ಕಾರಂತರು ಮಾಡಿದ್ದು, ಆ ವರ್ಷದ ಸ್ವರ್ಣಕಮಲ ಪಡೆದದ್ದು. ಕಾದಂಬರಿ 1933ರದು, ಇದೇ ಪುತ್ತೂರಿನಲ್ಲಿ ನೆಲೆಸಿ ಬಾಲವನ ಕಟ್ಟಿದ ಶಿವರಾಮ ಕಾರಂತರದು. ನಮ್ಮ ಬದುಕನ್ನು ಬೇರೆಯವರು ಬರೆದದ್ದು ಅನ್ನುವ ತಕರಾರು ನನಗೂ ಉಂಟು. ಆದರೆ ಆ ಕಾದಂಬರಿಯ ಸಂಕಪ್ಪಯ್ಯನನ್ನು ನೋಡಿ. ಚೋಮನಿಗೆ ಒಂದು ತುಂಡು ಭೂಮಿ ಕೊಟ್ಟರೆ ಏನು ತಪ್ಪು ಅಂತ ಅವನ ಮನಸ್ಸಿಗೆ ಹೊಳೆಯುತ್ತದೆ. ತಾಯಿ ಬೇಡ ಅನ್ನುತ್ತಾಳೆ. ಊರು ಏನೆಂದೀತು? ಅವನು ಸುಮ್ಮನಾಗುತ್ತಾನೆ. ಅವನು ಕೆಟ್ಟವನಲ್ಲ. ಭಯಂಕರವಾದದ್ದು ಅದೇ. ಒಳ್ಳೆಯ ಮನಸ್ಸು ಒಳಗೆ ಚಾವಡಿಯಲ್ಲಿ ಕೂತಿತ್ತು, ಚೋಮ ಹೊರಗೆ ಅಂಗಳದಲ್ಲಿ ಸತ್ತಹಾಗೆ ನಿಂತಿದ್ದ. ಧಣಿಯ ಮನಶ್ಶಾಸ್ತ್ರ ಎಷ್ಟು ಸೂಕ್ಷ್ಮವಾಗಿದ್ದರೂ ಚೋಮನಿಗೆ ಒಂದು ಮುಡಿ ಗದ್ದೆ ಆಗಲಿಲ್ಲ.

ಕೊನೆಗೆ ನಮ್ಮ ಮನೆಯ ಮಾತು. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾದೀತು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅನ್ನುವ ಅರ್ಥದ ಮಾತು. ಇದನ್ನು ಅವರು ಬೇರೆಯವರಿಗೆ ಮಾತ್ರ ಹೇಳಲಿಲ್ಲ. ನಮಗೂ ಹೇಳಿದರು. ಅವರ ಪಟಕ್ಕೇ ಹೂ ಹಾಕಿ, ಅವರ ಈ ಮಾತನ್ನು ಮರೆತರೆ ಹೇಗೆ? ನಮ್ಮ ಸಂಘಟನೆಗಳು ಯಾಕೆ ಹೋಳು ಹೋಳಾದವು? ಪ್ರತಿ ಹೋಳಿಗೂ ಒಬ್ಬ ನಾಯಕ, ಒಂದು ಕಟೌಟು, ಒಂದು ಲೆಕ್ಕ ಕೊಡದ ಹಣದ ಚೀಲ. ಪ್ರಶ್ನೆ ಕೇಳಿದ ಹುಡುಗ ದ್ರೋಹಿ. ಕವಿತೆ ಬರೆಯುವ ನಾವೂ ಕಮ್ಮಿ ಇಲ್ಲ, ಹೋರಾಟದ ಪದ್ಯ ಅಂತ ಹೊರಟದ್ದು ನಾಯಕನ ಭಜನೆಯಾಗಿ ನಿಲ್ಲುತ್ತದೆ. ಹಾಸ್ಟೆಲ್ಲಿನಲ್ಲೇ ನೋಡಿ. ಸೀನಿಯರ್ ಒಬ್ಬ ಜೂನಿಯರ್ ಕೈಯಲ್ಲಿ ಬಟ್ಟೆ ಒಗೆಸುತ್ತಾನೆ. ಅವನ ಬಾಲ್ಯವೂ ಕಷ್ಟದ್ದೇ. ನಮ್ಮೆಲ್ಲರದ್ದೂ ಕಷ್ಟದ್ದೇ. ಕಷ್ಟದ ಬಾಲ್ಯ ದಬ್ಬಾಳಿಕೆಗೆ ಲೈಸೆನ್ಸ್ ಅಲ್ಲ. ಹಾಗಿದ್ದಿದ್ದರೆ ಲೋಕದ ದೊಡ್ಡ ಸರ್ವಾಧಿಕಾರಿಗಳೆಲ್ಲ ನಮ್ಮ ಕಾಲನಿಗಳಿಂದಲೇ ಬರಬೇಕಿತ್ತು!

ಆದ್ದರಿಂದ, ಸಿನಿಮಾ ನೋಡಿ. ನೋಡಬೇಡಿ ಅನ್ನಲು ನಾನು ಸೆನ್ಸಾರ್ ಬೋರ್ಡಲ್ಲ. ಒಟ್ಟಿಗೆ ಕೂತು ನೋಡಿ, ಮುಗಿದ ಮೇಲೆ ದೀಪ ಹಾಕಿ, ಮೂರು ಪ್ರಶ್ನೆ ಕೇಳಿಕೊಳ್ಳಿ. ಕ್ಯಾಮೆರಾ ಯಾವ ಬಾಗಿಲಿನಿಂದ ಒಳಗೆ ಹೋಯಿತು? ಅಡುಗೆ ಮಾಡಿದವಳು, ಟೈಪು ಮಾಡಿದವಳು, ಬೀಗ ಹಾಕಿದವನು, ಇವರನ್ನು ತೋರಿಸಿತೋ ಇಲ್ಲವೋ? ಯಾರ ಅಳು ನಮಗೆ ಕೇಳಿಸಿತು, ಯಾರದ್ದು ಕೇಳಿಸಲಿಲ್ಲ?

ಮತ್ತೆ ಮಾಡಬೇಕಾದ ಕೆಲಸ ಎರಡು. ಒಂದು, ಹಾಸ್ಟೆಲ್ ಸಮಿತಿಯಲ್ಲಿ, ನಮ್ಮ ಸಂಘದಲ್ಲಿ, ಒಬ್ಬನೇ ವರ್ಷಗಟ್ಟಲೆ ಕೂರದ ಹಾಗೆ ಸರದಿ ಮಾಡಿಕೊಳ್ಳಿ. ಪ್ರತಿ ತಿಂಗಳು ಲೆಕ್ಕ ಓದಿಸಿ, ನನ್ನದೂ ಸೇರಿ. ಎರಡು, ಈ ಸಲ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ: 75, 76ನೇ ಇಸವಿಯಲ್ಲಿ ನಮ್ಮ ಮನೆಯಲ್ಲಿ ಎಂತಾಯಿತು? ಡಿಕ್ಲರೇಶನ್ ಯಾರು ಕೊಟ್ಟರು, ಯಾರು ಕೊಡಲು ಹೆದರಿದರು? ಆಪರೇಶನ್ನಿಗೆ ಯಾರನ್ನು ಕರೆದುಕೊಂಡು ಹೋದರು, ಏನು ಆಸೆ ತೋರಿಸಿದರು? ಸುಳ್ಯ ಕಡಬದ ರಬ್ಬರು ತೋಟದ ಕಾಲನಿಗಳಿಂದ ಬಂದ ತಮಿಳು ಗೆಳೆಯರು ನಿಮ್ಮ ಪಾಟಿಯರನ್ನು ಕೇಳಿ: ಸಿಲೋನಿನಿಂದ ಹಡಗು ಹತ್ತಿಸಿದಾಗ ನಿಮ್ಮನ್ನು ಒಂದು ಮಾತು ಕೇಳಿದವರು ಯಾರಾದರೂ ಇದ್ದರೋ? ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡು ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಅವರು ಇನ್ನು ಎಷ್ಟು ವರ್ಷ ನಮ್ಮ ಜತೆ ಇರುತ್ತಾರೆ? ಸರ್ವಾಧಿಕಾರಿಯ ಮನೆಯ ಆಲ್ಬಮ್ಮು ಸರ್ಕಾರ ಕಾಯುತ್ತದೆ. ಇದನ್ನು ನಾವು ಕಾಯದಿದ್ದರೆ ಯಾರೂ ಕಾಯುವುದಿಲ್ಲ. ತಂದದ್ದನ್ನು ಈ ಪತ್ರಿಕೆಯಲ್ಲಿ, ಇದೇ ಮಸಿಯಲ್ಲಿ, ಒಂದೊಂದಾಗಿ ಹಾಕೋಣ.

ನನ್ನ ಮಾತು ಮುಗಿಯಿತು. ಈಗ ನೀವು ಕೇಳಿ, ಜಗಳ ಮಾಡಿ. ಸುಮ್ಮನೆ ಚಪ್ಪಾಳೆ ತಟ್ಟಿ ಎದ್ದು ಹೋಗಬೇಡಿ.

ಜೈಭೀಮ್.